ಹನ್ನೊಂದು ಮನೆಗಳಲ್ಲಿ ಬಿಟ್ಟ ಸಾಮಾನು

ಸಿದ್ಧಾರ್ಥನಿಗೆ ತಲೆ ಇದ್ದದ್ದು ಒಂದೇ, ಅವನ ಸಾಮಾನು ಮಾತ್ರ ಹನ್ನೊಂದು ಮನೆಗಳಲ್ಲಿತ್ತು. ಡ್ರಿಲ್ಲಿಂಗ್ ಮಿಷನ್ ನಂಜನಗೂಡಿನ ಶಿವಮಲ್ಲಪ್ಪನವರ ಮನೆಯಲ್ಲಿ, ಎತ್ತರದ ಏಣಿ ಒಂದು ಕಲ್ಯಾಣ ಮಂಟಪದ ಅಡುಗೆಮನೆಯ ಹಿಂದೆ, ಮಲ್ಟಿಮೀಟರ್ ತಾಂಡ್ಯದ ಒಂದು ಕ್ಯಾಂಟೀನಿನಲ್ಲಿ, ಪೈಪ್ ರೆಂಚು ತಲಕಾಡು ರಸ್ತೆಯ ಯಾವುದೋ ತೋಟದ ಪಂಪ್‌ಶೆಡ್ಡಿನಲ್ಲಿ. ಉಳಿದವು ಎಲ್ಲೆಲ್ಲಿವೆ ಎಂಬುದು ಅವನಿಗೇ ಆಗಾಗ ಮರೆತುಹೋಗುತ್ತಿತ್ತು. ದೇವನೂರಿನಲ್ಲಿ ಅವನನ್ನು ಎಲ್ಲರೂ ಕರೆಂಟ್ ಸಿದ್ಧಾರ್ಥ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ, ಕೈ ಬಲು ಚುರುಕು, ವೈರಿಂಗೂ ಬರುತ್ತದೆ, ನಲ್ಲಿ ಕೆಲಸವೂ ಬರುತ್ತದೆ. ಯಾರು ಯಾವಾಗ ಕರೆದರೂ ಆಗಲ್ಲ ಎನ್ನುವ ಮಾತು ಅವನ ಬಾಯಲ್ಲಿ ಬಂದದ್ದಿಲ್ಲ. ಊರವರು ಅದನ್ನು ಅವನ ಒಳ್ಳೆಯ ಗುಣವೆಂದು ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ಅವನಿಗಿದ್ದ ರೋಗವೇ ಅದು.

ಸಾಮಾನು ಬಿಟ್ಟು ಬರುವುದು ಅವನೇ ಕಂಡುಹಿಡಿದ ವಿದ್ಯೆಯೇನಲ್ಲ. ಕೆಲಸ ಕಲಿಸಿದ ಮಹಾದೇವಸ್ವಾಮಿ ಮೇಸ್ತ್ರಿ ಹೇಳಿಕೊಟ್ಟದ್ದು. “ಅರ್ಧ ಕೆಲ್ಸದಲ್ಲಿ ಎದ್ದು ಬರೋ ಹಂಗಾದ್ರೆ ಬರೀ ಮಾತು ಕೊಟ್ಟು ಬರ್‍ಬೇಡ ಕಣ್ಲಾ, ಒಂದು ಸಾಮಾನು ಬುಟ್ಟು ಬಾ,” ಎನ್ನುತ್ತಿದ್ದರು ಅವರು. “ಬಾಯಿ ಮರ್‍ತೋಯ್ತದೆ. ಸಾಮಾನು ಎಳ್ಕಂಡು ಬತ್ತದೆ.” ಮನೆಯವರಿಗೂ ಅದು ಒಂದು ಧೈರ್ಯ. ಸಾಮಾನು ಇಲ್ಲಿದೆ, ಮನುಷ್ಯ ಎಲ್ಲಿ ಹೋದಾನು? ಜೊತೆಗೆ ಇನ್ನೊಂದು ಕಟ್ಟುಪಾಡೂ ಇತ್ತು. ಒಬ್ಬನ ಸಾಮಾನು ಇರುವ ಕಡೆ ಇನ್ನೊಬ್ಬ ಕೆಲಸಗಾರ ಕೈ ಹಾಕುವಂತಿಲ್ಲ. ಎಲೆಕ್ಟ್ರಿಷಿಯನ್ನು, ಗಾರೆಯವನು, ಬಡಗಿ, ಎಲ್ಲರೂ ಅದನ್ನು ಪಾಲಿಸುತ್ತಿದ್ದರು.

ಮೇಸ್ತ್ರಿಯ ಕಾಲದಲ್ಲಿ ಒಂದು ಹೊತ್ತಿಗೆ ಒಂದು ಮನೆ, ಬಿಡುವುದು ಒಂದು ಸಾಮಾನು. ಅವರು ಮರುದಿನ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಅದನ್ನು ತರುತ್ತಿದ್ದರು. ಸಿದ್ಧಾರ್ಥನ ಕಾಲಕ್ಕೆ ಮೊಬೈಲು ಬಂತು, ಬೈಕು ಬಂತು, ಬೀದಿಗೆರಡು ಹೊಸ ಮನೆ ಬಂದವು. ನಂಜನಗೂಡಿನಲ್ಲಿ ಒಂದು ಫ್ಯಾನು ಬಿಚ್ಚಿ ಇಡುವಷ್ಟರಲ್ಲಿ ನರಸೀಪುರದಿಂದ ಫೋನು, ನರಸೀಪುರದಲ್ಲಿ ಗೋಡೆ ಕೊರೆಯುವಷ್ಟರಲ್ಲಿ ತಾಂಡ್ಯದಿಂದ ಫೋನು. ಎಲ್ಲರಿಗೂ ಬಂದೆ ಎನ್ನುತ್ತಿದ್ದ, ಎಲ್ಲ ಕಡೆಯೂ ಒಂದೊಂದು ಸಾಮಾನು ಬಿಟ್ಟು ಮುಂದಕ್ಕೆ ಓಡುತ್ತಿದ್ದ. ಮೇಸ್ತ್ರಿ ಕೊಟ್ಟ ವಿದ್ಯೆಯನ್ನು ಮೇಸ್ತ್ರಿಗೇ ತಿರುಮಂತ್ರ ಹಾಕಿದ್ದ ಎನ್ನಬೇಕು. ಅವರು ಮರಳಿ ಬರುವುದಕ್ಕಾಗಿ ಸಾಮಾನು ಬಿಟ್ಟರೆ ಇವನು ತಪ್ಪಿಸಿಕೊಳ್ಳುವುದಕ್ಕಾಗಿ ಬಿಡುತ್ತಿದ್ದ.

ಹೀಗೆ ಓಡಿ ಓಡಿ ಅವನಿಗೆ ನೆಟ್ಟಗೆ ನಡೆಯುವ ದಾರಿಯೇ ಇಲ್ಲದಂತಾಗಿತ್ತು. ಶಿವಮಲ್ಲಪ್ಪ ಜಗಲಿಯಲ್ಲಿ ಕುಳಿತಿರುತ್ತಾರೆಂದು ಆ ಬೀದಿ ಬಿಟ್ಟ. ಮಂಟಪದ ಮ್ಯಾನೇಜರ್ ನಂಜೇಶ್ ಟೀ ಕುಡಿಯುವ ಅಂಗಡಿ ಇದೆಯೆಂದು ಬಸ್ ಸ್ಟ್ಯಾಂಡ್ ರಸ್ತೆ ಬಿಟ್ಟ. ಎರಡು ಫರ್ಲಾಂಗು ದೂರದ ಹಾರ್ಡ್‌ವೇರ್ ಅಂಗಡಿಗೆ ಊರನ್ನೇ ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದ. ಹೊರಗಿನವರಿಂದ ಹೀಗೆ ತಪ್ಪಿಸಿಕೊಳ್ಳಬಹುದು, ತಲೆಯೊಳಗೆ ಕುಳಿತವರಿಂದ ಹೇಗೆ? ಮುದ್ದೆ ಮುರಿಯುವಾಗ ಒಬ್ಬರ ಸ್ವಿಚ್ ಬೋರ್ಡು ನೆನಪಾಗುತ್ತಿತ್ತು, ಸ್ನಾನಕ್ಕೆ ಕುಳಿತರೆ ಇನ್ನೊಬ್ಬರ ಟ್ಯಾಂಕಿನ ವಾಲ್ವು. ಅಪ್ಪ ಪುಟ್ಟಬಸವಯ್ಯ ಎದುರಿಗೆ ಕುಳಿತು ಏನೋ ಹೇಳುತ್ತಿದ್ದರೆ ಮಗ ಹೂಂಗುಟ್ಟುತ್ತಲೇ ಮನಸ್ಸಿನಲ್ಲಿ ತಲಕಾಡು ರಸ್ತೆಯ ಪಂಪ್‌ಶೆಡ್ಡಿಗೆ ಹೋಗಿರುತ್ತಿದ್ದ. ಕೈ ತುಂಬ ಕೆಲಸವಿದೆ, ಮೈ ತುಂಬ ಆಯಾಸವಿದೆ, ಆದರೂ ಏನೂ ಮುಗಿದಂತಿಲ್ಲ. ಅವನು ಸುಖವಾಗಿರಲಿಲ್ಲ, ಅಷ್ಟು ಮಾತ್ರ ಖಂಡಿತ.

ಆ ಬುಧವಾರ ಬೆಳಿಗ್ಗೆ ಹೆಂಡತಿ ರೋಜಾ ಚಟ್ನಿ ರುಬ್ಬಲು ಮಿಕ್ಸಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಅವಳು ತಾಂಡ್ಯದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಆ ವಾರ ಮಧ್ಯಾಹ್ನದ ಶಿಫ್ಟು, ಬೆಳಿಗ್ಗೆ ಮನೆಯಲ್ಲಿರುತ್ತಿದ್ದಳು.

“ಮುಟ್ಟುದ್ರೆ ಜುಮ್ ಅಂತದೆ. ಏಳಕ್ಕೆ ಸುರು ಮಾಡಿ ಮೂರು ತಿಂಗ್ಳಾಯ್ತು,” ಎಂದಳು. “ನಮ್ಮನೇಲೂ ಒಂದು ಸಾಮಾನು ಬುಟ್ಟೋಗಿ. ಆಗ್ಲಾದ್ರೂ ಬತ್ತೀರೇನೋ.”

ಮಾತು ಚುಚ್ಚಿತು. ಸಿದ್ಧಾರ್ಥ ಬೈಕಿನ ಪೆಟ್ಟಿಗೆಯಿಂದ ಮೋಟು ಟೆಸ್ಟರ್ ತಂದು ಪ್ಲಗ್ಗಿಗೆ ಇಟ್ಟ. ಅದು ಹೊತ್ತಲಿಲ್ಲ, ಒಳಗಿನ ಬಲ್ಬು ಸತ್ತಿತ್ತು. ಸರಿ, ಹಳದಿ ಹಿಡಿಯದನ್ನು ತರೋಣವೆಂದು ಪೆಟ್ಟಿಗೆ ತಡಕಿದ, ಶರಟಿನ ಜೇಬು ತಡಕಿದ, ಕಿಟಕಿಯ ಮೇಲೆ ನೋಡಿದ. ಹಳದಿ ಹಿಡಿಯ ಟೆಸ್ಟರ್ ಮೇಸ್ತ್ರಿ ಕೊಟ್ಟದ್ದು, ಸ್ವಂತ ಕೆಲಸ ಶುರುಮಾಡಿದ ದಿನ. ಎಷ್ಟೋ ದಿನದಿಂದ ಅದು ಕಂಡಿರಲಿಲ್ಲ. ಎಲ್ಲೋ ಇದ್ದೀತು ಎಂದುಕೊಂಡು ಮೋಟು ಟೆಸ್ಟರಿನಲ್ಲೇ ಕಾಲ ಹಾಕಿದ್ದ.

ರೋಜಾ ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರನ್ನು ಬಿಚ್ಚಿ ಬೆನ್ನು ಮೇಲು ಮಾಡಿ ನೆಲದ ಮೇಲೆ ಹಾಸಿದಳು, ಪೆನ್ನು ತೆಗೆದುಕೊಂಡಳು. ಅವಳ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಶಿಫ್ಟ್ ಮುಗಿಯುವಾಗ ಏನು ಆಗಿದೆ, ಏನು ಅರ್ಧಕ್ಕೆ ನಿಂತಿದೆ, ಯಾವ ಮಿಷನ್ ಮುಟ್ಟಬಾರದು ಎಂದು ಒಂದು ಪುಸ್ತಕದಲ್ಲಿ ಬರೆದು, ಮುಂದಿನವರಿಗೆ ಬಾಯಲ್ಲೂ ಹೇಳಿ, ಸಹಿ ಮಾಡಿ ಹೊರಗೆ ಬರಬೇಕು. ಹ್ಯಾಂಡೋವರ್ ಎನ್ನುತ್ತಾರೆ. ಅದು ಮುಗಿದ ಮೇಲೆ ಕಾರ್ಖಾನೆ ಅವಳ ತಲೆಯಲ್ಲಿ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತೊಡನೆ ಅವಳಿಗೆ ನಿದ್ದೆ ಬರುತ್ತಿದ್ದುದನ್ನು ಕಂಡು ಸಿದ್ಧಾರ್ಥ ಹೊಟ್ಟೆಕಿಚ್ಚು ಪಟ್ಟದ್ದುಂಟು.

“ನಿಮ್ಗೆ ಹ್ಯಾಂಡೋವರ್ ತಕ್ಕಳೋರು ಯಾರೂ ಇಲ್ಲ. ಅದ್ಕೇ ಇಂಗಾಡ್ತೀರಿ,” ಎಂದಳು. “ಕೆಲ್ಸ ಏಳ್ಬೇಡಿ. ಸಾಮಾನು ಎಲ್ಲೆಲ್ಲವೆ ಅದ್ನ ಏಳಿ ಸಾಕು.”

ಡ್ರಿಲ್ಲಿಂಗ್ ಮಿಷನ್ ಎಂದಳು. ಶಿವಮಲ್ಲಪ್ಪನವರ ಮನೆ ಎಂದ. ಅಲ್ಲಿ ಏನು ಬಾಕಿ ಎಂದಳು. ಮಹಡಿಯ ಮೂರು ಬೋರ್ಡು ಬಾಯಿ ಬಿಟ್ಟುಕೊಂಡಿವೆ ಎಂದ. ಬರೆದಳು. ಏಣಿ, ಮಲ್ಟಿಮೀಟರ್, ರೆಂಚು, ಇಕ್ಕಳ, ದಪ್ಪ ಸುತ್ತಿಗೆ. ಒಂದೊಂದೇ ತಲೆಯಿಂದ ಕಾಗದಕ್ಕೆ ಇಳಿಯುತ್ತಿದ್ದಂತೆ ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸ್ವಲ್ಪ ಹಗುರವೂ ಆಯಿತು. ಇಷ್ಟೇನಾ ಅನ್ನಿಸಿತು. ತಲೆಯೊಳಗಿದ್ದಾಗ ಅವು ನೂರು ಇದ್ದಂತೆ ಗಲಾಟೆ ಮಾಡುತ್ತಿದ್ದವು, ಕಾಗದದ ಮೇಲೆ ಹತ್ತಕ್ಕೆ ನಿಂತವು.

“ಅಳದಿ ಟೆಸ್ಟರ್ ಎಲ್ಲಿ?” ಎಂದಳು ರೋಜಾ.

ಸಿದ್ಧಾರ್ಥನಿಗೆ ನರಸೀಪುರದ ಗುರುಬಸಮ್ಮನವರ ಮನೆಯ ಬಚ್ಚಲು ಕಣ್ಣೆದುರು ಬಂತು. ಮಗಳು ವಾಣಿ ಬಾಣಂತನಕ್ಕೆ ಬಂದಿದ್ದಾಳೆ, ಅತ್ತೆಗೆ ಮಂಡಿ ನೋವು, ಹಂಡೆ ನೀರು ಹೊರಲಾರರು ಎಂದು ಅಳಿಯ ಗೀಸರ್ ತಂದುಕೊಟ್ಟಿದ್ದ. ಗೀಸರನ್ನು ಗೋಡೆಗೆ ಕೂರಿಸಿದ್ದವನು, ಲೈನು ಕೊಟ್ಟಿದ್ದವನು ಸಿದ್ಧಾರ್ಥ. ಹಳೆಯ ಕಾಲದ ಮನೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಅದಕ್ಕೆ ಇರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಕಬ್ಬಿಣದ ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಗೀಸರಿಗೆ ಹಸಿರು ವೈರು ಎಳೆಯಬೇಕಿತ್ತು. ಆವತ್ತು ಅಂಗಡಿಯಲ್ಲಿ ಪೈಪೂ ಇರಲಿಲ್ಲ, ಇದ್ದಿಲೂ ಇರಲಿಲ್ಲ. ಇರಲಿ ಎಂದು ಸ್ವಿಚ್ ಹಾಕಿ ನಲ್ಲಿಗೆ ಟೆಸ್ಟರ್ ಇಟ್ಟು ನೋಡಿದ್ದ. ಟೆಸ್ಟರ್ ಮಿಣುಕ್ ಎಂದಿತ್ತು. ನಲ್ಲಿಯಲ್ಲೇ ಕರೆಂಟು.

ಅಷ್ಟರಲ್ಲಿ ನಂಜೇಶನ ಫೋನು ಬಂದಿತ್ತು, ಮಂಟಪದಲ್ಲಿ ಆರತಕ್ಷತೆ, ಅರ್ಧ ದೀಪ ಹೋಗಿವೆ, ಓಡಿ ಬಾ ಎಂದು. ಸಿದ್ಧಾರ್ಥ ಸ್ವಿಚ್ ಆರಿಸಿದ. ಟೆಸ್ಟರನ್ನು ಬಚ್ಚಲಿನ ಗವಾಕ್ಷಿಯ ಮೇಲಿಟ್ಟ. ನಾಳೆ ಬರ್‍ತೀನಿ ಎಂದ, ಅದು ನೆನಪಿದೆ. ಅಲ್ಲಿಯವರೆಗೆ ಸ್ವಿಚ್ ಹಾಕಬೇಡಿ ಎಂದು ಹೇಳಿದನೋ? ಅದು ಮಾತ್ರ ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ.

ಅದಾಗಿ ಹತ್ತೊಂಬತ್ತು ದಿನ ಆಗಿತ್ತು.

ಫೋನು ತೆಗೆದು ನೋಡಿದ. ಗುರುಬಸಮ್ಮನವರ ಮನೆಯಿಂದ ಬಂದ, ಅವನು ಎತ್ತದ ಕರೆಗಳು ಏಳು. ಕೊನೆಯದು ಬಂದು ಆರು ದಿನವಾಗಿತ್ತು. ದಿನ ಬಿಟ್ಟು ದಿನ ಕರೆಯುತ್ತಿದ್ದವರು ಆರು ದಿನದಿಂದ ಯಾಕೆ ಕರೆಯಲಿಲ್ಲ? ಸಿದ್ಧಾರ್ಥ ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ, ಮತ್ತೆ ರಿಂಗಾಯಿತು. ಮೂರನೆಯ ಸಲ ಕೇಳುತ್ತ ನಿಂತಾಗ, ಏಳು ಸಲ ಅವರು ಹೀಗೇ ಕಿವಿಗಿಟ್ಟುಕೊಂಡು ನಿಂತಿದ್ದಿರಬೇಕು ಎನ್ನುವುದು ಅವನಿಗೆ ಹೊಳೆಯಿತು.

“ಬಾಣಂತಿ ಅವ್ಳೆ ಕಣೇ ಆ ಮನೇಲಿ,” ಎಂದ.

ರೋಜಾ ಮಿಕ್ಸಿಯ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟಳು. “ಇದಿರ್‍ಲಿ. ಅದ್ನ ನೋಡೋಗಿ,” ಎಂದಳು.

ಹೊರಟೇನೋ ಹೊರಟ, ಆದರೆ ಹೋಗಿ ಮಾಡುವುದು ಯಾವುದರಲ್ಲಿ? ಹಿತ್ತಲಿನಿಂದ ವೈರು ಒಳಗೆ ತರಲು ಕಲ್ಲುಗೋಡೆ ಕೊರೆಯಬೇಕು, ಡ್ರಿಲ್ಲಿಂಗ್ ಮಿಷನ್ ಬೇಕು. ಮಿಷನ್ ಇದ್ದದ್ದು ಯಾರ ಬೀದಿಯನ್ನು ಅವನು ನಲವತ್ತು ದಿನದಿಂದ ತುಳಿದಿರಲಿಲ್ಲವೋ ಅವರ ಮನೆಯಲ್ಲಿ.

ಶಿವಮಲ್ಲಪ್ಪ ಬೆಲ್ಲದ ಮಂಡಿಯವರು. ಜಗಲಿಯ ಮೇಲೆ ಪೇಪರು ಹಿಡಿದು ಕುಳಿತಿದ್ದರು. ಬೈಕು ನಿಂತದ್ದನ್ನು ಕಂಡೂ ಪೇಪರು ಇಳಿಸಲಿಲ್ಲ. ಮಿಷನ್ ಮಹಡಿಯಲ್ಲಿಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಿದೆ ಎಂದು ಪೇಪರಿನ ಹಿಂದಿನಿಂದಲೇ ತಿಳಿಸಿದರು. ಮೊದಲು ಮಹಡಿಯ ಬೋರ್ಡು ಮುಚ್ಚು, ಆಮೇಲೆ ಬೀಗ ತೆಗೆಯುತ್ತೇನೆ ಎಂದರು. ನ್ಯಾಯವಾದ ಮಾತೇ.

ಸಿದ್ಧಾರ್ಥನ ನಾಲಿಗೆಯ ತುದಿಯಲ್ಲಿ ಎಂದಿನ ಸುಳ್ಳು ಸಿದ್ಧವಾಗಿ ಕುಳಿತಿತ್ತು. ಸಂಜೆ ಬಂದೇ ಬರ್‍ತೀನಿ ಸಾ, ಅರ್ಧ ಗಂಟೆ ಕೆಲಸ ಸಾ. ಆ ಸುಳ್ಳು ಹೇಳಿದರೆ ಮಿಷನ್ ಸಿಕ್ಕರೂ ಸಿಕ್ಕೀತು. ಆದರೆ ಸಂಜೆಯವರೆಗೆ ಶಿವಮಲ್ಲಪ್ಪ ಮತ್ತೆ ತಲೆಯೊಳಗೆ ಬಂದು ಕೂರುತ್ತಾರೆ. ಅವನಿಗೆ ಸಾಕಾಗಿಹೋಗಿತ್ತು.

“ಇವತ್ತು ಆಗಲ್ಲ ಸಾ. ನಾಳೀಕೂ ಆಗಲ್ಲ,” ಎಂದ. “ಮುಂದಿನ್ ಗುರುವಾರ ಬೆಳಿಗ್ಗೆ ಬತ್ತೀನಿ. ಅಲ್ಲೀಗಂಟ ಕಾಯಕ್ಕಾಗಲ್ಲ ಅಂದ್ರೆ ಬ್ಯಾರೆಯೋರ್‍ನ ಕರೀರಿ. ನಾನೇನೂ ಅನ್ಕಳಲ್ಲ.”

ಪೇಪರು ಇಳಿಯಿತು. ನಲವತ್ತು ದಿನ ಇವತ್ತು ನಾಳೆ ಎಂದು ಕೇಳಿದ ಕಿವಿಗೆ ಆಗಲ್ಲ ಎನ್ನುವ ಮಾತು ಹೊಸದಾಗಿ ಕೇಳಿಸಿರಬೇಕು. ಬಯ್ಯಲು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಸುಳ್ಳಿನ ಅಳತೆಗೆ ಹೊಲಿದದ್ದು, ನಿಜಕ್ಕೆ ಅದು ಹೊಂದಲಿಲ್ಲ. ಹಾಗಾದರೆ ಮಿಷನ್ ಯಾಕೆ ಬೇಕು ಎಂದು ಕೇಳಿದರು. ಸಿದ್ಧಾರ್ಥ ಬಚ್ಚಲು, ನಲ್ಲಿ, ಬಾಣಂತಿ ಎಲ್ಲ ಹೇಳಿದ. ಸ್ವಿಚ್ ಹಾಕಬೇಡಿ ಎಂದು ಹೇಳಿದ್ದು ನೆನಪಿಲ್ಲ ಎಂಬುದನ್ನೂ ಹೇಳಿಬಿಟ್ಟ. ಬಾಗಿಲ ಮರೆಯಲ್ಲಿ ಕೇಳುತ್ತಿದ್ದ ಮನೆಯಾಕೆ ಮಂಗಳಮ್ಮ ಯಜಮಾನರ ಅಪ್ಪಣೆಗೂ ಕಾಯದೆ ಬೀರುವಿನ ಬೀಗ ತೆಗೆದು ಮಿಷನ್ ತಂದುಕೊಟ್ಟರು.

“ಗುರುವಾರ ಅಂದ್ರೆ ಗುರುವಾರ,” ಎಂದರು ಶಿವಮಲ್ಲಪ್ಪ. “ಈ ಸಲ ಸಾಮಾನು ಬಿಡೋದು ಬೇಡ ಕಣಯ್ಯ. ಮಾತು ಬಿಟ್ಟೋಗು, ನೋಡಾಣ.”

ಸಿದ್ಧಾರ್ಥ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಕೊಂಡ, ಪಕ್ಕದ ದಿನಸಿ ಅಂಗಡಿಯಲ್ಲಿ ಐದು ಕಿಲೋ ಕಲ್ಲುಪ್ಪು ಕೊಂಡ. ಇದ್ದಿಲು ಇವತ್ತೂ ಎಲ್ಲೂ ಇರಲಿಲ್ಲ. ಮೂರು ಅಂಗಡಿ ಕೇಳಿದ. ಇಸ್ತ್ರಿ ಮಾಡುವವನ ಹತ್ತಿರ ಕೇಳಿದರೆ ತಾನು ಗ್ಯಾಸಿಗೆ ಬದಲಾಯಿಸಿ ವರ್ಷವಾಯಿತು ಎಂದ. ಇದ್ದಿಲಿಗೆಂದು ಇನ್ನೊಂದು ಗಂಟೆ ಹುಡುಕಲು ಅವನಿಗೆ ಧೈರ್ಯವಾಗಲಿಲ್ಲ. ಮೊದಲು ಹೋಗಿ ಲೈನು ಕಿತ್ತು ಹಾಕುವುದು, ಆಮೇಲೆ ನೋಡುವುದು ಎಂದು ಪೈಪನ್ನು ಬೈಕಿಗೆ ಕಟ್ಟಿ ನರಸೀಪುರದ ರಸ್ತೆ ಹಿಡಿದ.

ದಾರಿ ಎಂದಿಗಿಂತ ಉದ್ದವಾಯಿತು. ಫೋನು ಜೇಬಿನಲ್ಲಿ ಗುಂಯ್‌ಗುಟ್ಟಿದಾಗಲೆಲ್ಲ ಗುರುಬಸಮ್ಮನವರೇ ಇರಬೇಕೆಂದು ಬದಿಗೆ ನಿಲ್ಲಿಸಿ ನೋಡುತ್ತಿದ್ದ, ಬೇರೆ ಯಾರೋ ಆಗಿರುತ್ತಿತ್ತು. ಮೂರನೆಯದು ನಂಜೇಶನದು. ಮಂಟಪದಲ್ಲಿ ಫ್ಯಾನು ತಿರುಗುತ್ತಿಲ್ಲ, ಏಣಿಯೂ ಇಲ್ಲೇ ಇದೆ, ಬಂದು ಹೋಗು ಎಂದ. ಸಿದ್ಧಾರ್ಥ ಶುಕ್ರವಾರದವರೆಗೆ ಆಗಲ್ಲ, ಅವಸರವಿದ್ದರೆ ಬೇರೆ ಎಲೆಕ್ಟ್ರಿಷಿಯನ್ನನ್ನು ಕರೀರಿ ಎಂದ. ನಂಜೇಶ ಸರಿ, ಮಲ್ಲಿಕಾರ್ಜುನನನ್ನು ಕರೀತೀನಿ ಎಂದು ಫೋನಿಟ್ಟ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಇಷ್ಟು ವರ್ಷ ಈ ಒಂದು ಮಾತಿಗೆ ಹೆದರಿ ಸತ್ತೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಮತ್ತೆ ಬೈಕು ಓಡಿಸಿದ. ಗದ್ದೆ ಬಯಲು ಕಂಡರೂ ಕಾಣಲಿಲ್ಲ, ಎದುರಿಗೆ ಬಚ್ಚಲಿನ ನಲ್ಲಿಯೇ ಕಾಣುತ್ತಿತ್ತು.

ಗುರುಬಸಮ್ಮನವರ ಮನೆ ನರಸೀಪುರದ ಹಳೆಯ ಬೀದಿಯಲ್ಲಿ, ಹೊಳೆಯ ಕಡೆಗೆ. ಬಾಗಿಲು ತೆರೆದಿತ್ತು, ಕೂಗಿದರೆ ಯಾರೂ ಓಗೊಡಲಿಲ್ಲ. ಸಿದ್ಧಾರ್ಥ ಮೆಟ್ಟು ಬಿಟ್ಟು ನಡುಮನೆ ದಾಟಿ ಒಳಗೆ ಹೋದ. ಅವನಪ್ಪ ಪುಟ್ಟಬಸವಯ್ಯ ಇಂಥ ಮನೆಗಳ ಹಿತ್ತಲ ಬೇಲಿಯವರೆಗೆ ಬಂದವರು, ಹೊಸಿಲು ದಾಟಿದವರಲ್ಲ. ಮಗನನ್ನು ವೈರು ಒಳಮನೆಯವರೆಗೂ ಕರೆತಂದಿತ್ತು. ಬೇರೆ ದಿನವಾಗಿದ್ದರೆ ಅವನಿಗೆ ಆ ವಿಚಾರ ಬರುತ್ತಿತ್ತು. ಆ ಹೊತ್ತು ಬರಲಿಲ್ಲ, ನೇರ ಬಚ್ಚಲಿಗೆ ಹೋಗಿ ನೋಡಿದ. ಬಚ್ಚಲು ಒಣಗಿತ್ತು. ಗೀಸರಿನ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಅಡ್ಡಡ್ಡ ಮೂರು ಪಟ್ಟಿ ಅಂಟಿಸಿದ್ದರು. ಗವಾಕ್ಷಿಯ ಮೇಲೆ ಟೆಸ್ಟರ್ ಇರಲಿಲ್ಲ.

ಹಿತ್ತಲಿನಿಂದ ಹೊಗೆ ಬರುತ್ತಿತ್ತು. ಹೋಗಿ ನೋಡಿದರೆ ಮೂರು ಕಲ್ಲಿನ ಮೇಲೆ ತಾಮ್ರದ ಹಂಡೆ, ಅದರ ಮುಂದೆ ಮಣೆ ಹಾಕಿಕೊಂಡು ಗುರುಬಸಮ್ಮ. ಊದುಗೊಳವೆ ಹಿಡಿದು ಸೌದೆ ಊದುತ್ತಿದ್ದರು, ಕಣ್ಣೆಲ್ಲ ಕೆಂಪಾಗಿತ್ತು. ಬಲಗೈಯ ಮೊಣಕೈ ಕೆಳಗೆ ಅಂಗೈಯಗಲ ಸುಟ್ಟ ಗಾಯ, ಮೇಲೆ ಏನೋ ಬಿಳಿಯ ಮುಲಾಮು. ವಾಣಿ ಒಳಗೆ ಒಂದೂವರೆ ತಿಂಗಳ ಮಗುವನ್ನು ತಟ್ಟುತ್ತಿದ್ದಳು. ಮಗು ಏಳುತ್ತದೆಂದು ಫೋನಿನ ಸದ್ದು ಆರಿಸಿ ದಿಂಬಿನ ಕೆಳಗಿಟ್ಟಿದ್ದಳು, ಅದಕ್ಕೇ ಯಾರೂ ಎತ್ತಿರಲಿಲ್ಲ.

“ಬಾ ಕಣಪ್ಪ,” ಎಂದರು ಗುರುಬಸಮ್ಮ. ಹತ್ತೊಂಬತ್ತು ದಿನ ಆದ ಮೇಲಲ್ಲ, ನಿನ್ನೆ ಹೋದವನನ್ನು ಕರೆಯುವಂತೆ.

ಸಿದ್ಧಾರ್ಥ ಅಲ್ಲೇ ಕುಕ್ಕರಿಸಿದ. ಏನು ಕೇಳಬೇಕೋ ಅದನ್ನು ಕೇಳಲು ಅವನಿಗೆ ಭಯವಿತ್ತು, ಕೇಳದಿದ್ದರೆ ಇನ್ನೂ ಭಯ.

“ಅಮ್ಮಾರೆ, ಸ್ವಿಚ್ ಆಕ್ಬ್ಯಾಡಿ ಅಂತ ಅವತ್ತು ನಾನು ಏಳಿದ್ನಾ?”

“ಎಲ್ಲಿ ಹೇಳ್ದೆ? ಫೋನು ಕಿವೀಗಿಟ್ಕೊಂಡು ಓಡ್ದೆ,” ಎಂದರು ಗುರುಬಸಮ್ಮ. “ವಾಣಿ ಸ್ವಿಚ್ ಹಾಕಕ್ಕೆ ಹೋಗಿದ್ಲು. ನಾನೇ ಬೇಡ ಅಂದೆ. ಗವಾಕ್ಷೀಲಿ ನಿನ್ ಟೆಸ್ಟರ್ ಇತ್ತಲ್ಲ. ಕೆಲ್ಸ ಮುಗ್ದಿದ್ರೆ ತಕೊಂಡೋಗ್ತಿದ್ದ, ಬಿಟ್ಟೋಗವ್ನೆ ಅಂದ್ರೆ ಏನೋ ಬಾಕಿ ಅದೆ, ಅವ್ನು ಬಂದು ಅದ್ನ ಎತ್ಕೊಳ್ಳೋಗಂಟ ಮುಟ್ಟಬೇಡ ಅಂದೆ.”

ಈ ಮನೆ ಕಟ್ಟುವಾಗ ಅವರು ಹೊಸ ಸೊಸೆಯಂತೆ. ಗಾರೆಯವನು ಕರಣೆಯನ್ನು ಗೋಡೆಯ ಬುಡದಲ್ಲಿ ಬಿಟ್ಟು ಹೋದಷ್ಟು ದಿನ ಆ ಗೋಡೆಗೆ ಒರಗಬೇಡ, ಹಸಿ ಇದೆ ಅಂತ ಅರ್ಥ ಎಂದು ಅತ್ತೆ ಹೇಳಿಕೊಟ್ಟಿದ್ದರಂತೆ. ಅದನ್ನೇ ಅವರು ಗೀಸರಿಗೂ ಹೊಂದಿಸಿಕೊಂಡಿದ್ದರು. ನಡುವೆ ಒಂದು ದಿನ ಬೀದಿಯ ಇನ್ನೊಬ್ಬ ಎಲೆಕ್ಟ್ರಿಷಿಯನ್ನನ್ನು ಕರೆದದ್ದೂ ಉಂಟು. ಅವನು ಬಂದು ಟೆಸ್ಟರ್ ನೋಡಿ, ಇದು ಬೇರೆಯವರು ಹಿಡಿದ ಕೆಲಸ, ನಾನು ಕೈ ಹಾಕಲ್ಲ, ಅವರೇ ಬರ್‍ತಾರೆ ಎಂದು ಹೋಗಿದ್ದ. ಅಲ್ಲಿಗೆ ಗುರುಬಸಮ್ಮನವರಿಗೆ ಪೂರಾ ನಂಬಿಕೆ ಬಂದಿತ್ತು. ಬರುತ್ತೇನೆಂದವನು ಬರುತ್ತಾನೆ, ಪದೇ ಪದೇ ಫೋನು ಮಾಡಿ ಯಾಕೆ ಪೀಡಿಸಬೇಕೆಂದು ಫೋನನ್ನೂ ನಿಲ್ಲಿಸಿದ್ದರು. ಅಟ್ಟದ ಹಂಡೆ ಇಳಿಸಿ ಹಿತ್ತಲಲ್ಲಿ ಒಲೆ ಹೂಡಿದ್ದರು. ಬಾಣಂತಿಗೆ ಎರಡು ಹೊತ್ತು ಬಿಸಿನೀರಿಲ್ಲದಿದ್ದರೆ ಆಗುತ್ತದೆಯೇ? ಮಂಡಿ ಹಿಡಿದುಕೊಂಡು ಬಿಂದಿಗೆಯಲ್ಲಿ ಹೊತ್ತು ಹಾಕುತ್ತಿದ್ದರು. ಒಂದು ಸಲ ಬಿಂದಿಗೆ ಜಾರಿತ್ತು.

ಸಿದ್ಧಾರ್ಥನಿಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ. ಯಾವ ಸಾಮಾನನ್ನು ಅವನು ಸುಳ್ಳು ಹೇಳುವ ಬದಲು ಬಿಟ್ಟು ಬರುತ್ತಿದ್ದನೋ ಅದನ್ನು ಈ ಹೆಂಗಸು ಸತ್ಯವೆಂದು ಓದಿಕೊಂಡಿದ್ದರು. ಹಾಗೆ ಓದಿದ್ದರಿಂದ ಮಗಳು ಉಳಿದಳು, ಹಾಗೆ ಓದಿದ್ದರಿಂದಲೇ ಇವರ ಕೈ ಸುಟ್ಟಿತು. ಅವನಿಗೆ ಅಳು ಬಂತು, ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡ. ತಪ್ಪಾಯ್ತು ಎಂದ. ಗುರುಬಸಮ್ಮ ಎದ್ದು ಮಂಡಿಯ ಮೇಲೆ ಕೈಯೂರಿ ಒಳಗೆ ಹೋಗಿ ದೇವರ ಗೂಡಿನಿಂದ ಟೆಸ್ಟರ್ ತಂದರು. ಗವಾಕ್ಷಿಯಲ್ಲಿದ್ದರೆ ಕಳೆದುಹೋದೀತು ಎಂದು ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದರಂತೆ. ಹಳದಿ ಹಿಡಿಗೆ ವಿಭೂತಿ ಮೆತ್ತಿತ್ತು. ದೇವನೂರಿನ ಪುಟ್ಟಬಸವಯ್ಯನ ಮಗನ ಟೆಸ್ಟರ್ ಇಷ್ಟು ದಿನ ಆ ಮನೆಯ ದೇವರ ಗೂಡಿನಲ್ಲಿತ್ತು ಎಂದರೆ ಅವನಪ್ಪ ನಂಬುತ್ತಿದ್ದರೋ ಇಲ್ಲವೋ.

ಹಾರೆ ಕೇಳಿ ತೆಗೆದುಕೊಂಡು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿದ. ಎದೆಯುದ್ದ ಆಯಿತು, ಪೈಪು ಇಳಿಸಿದ, ಉಪ್ಪಿನ ಚೀಲ ಬಿಚ್ಚಿದ. ಇದ್ದಿಲು ಎಂದು ತಲೆ ಕೆರೆದುಕೊಂಡು ನಿಂತಾಗ ಒಲೆಯ ಪಕ್ಕದ ಗೋಡೆಗೆ ಒರಗಿಸಿದ್ದ ಎರಡು ಗೋಣಿಚೀಲ ಕಂಡವು. ದಿನವೂ ನೀರು ಕಾದ ಮೇಲೆ ಗುರುಬಸಮ್ಮ ಕೆಂಡಕ್ಕೆ ನೀರು ಚಿಮುಕಿಸಿ ಆರಿಸಿ ಇದ್ದಿಲು ಮಾಡಿ ಕೂಡಿಟ್ಟಿದ್ದರು. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಲು ಬೇಕಲ್ಲ. ಆವತ್ತು ನರಸೀಪುರದಲ್ಲೂ ಇವತ್ತು ನಂಜನಗೂಡಿನಲ್ಲೂ ಸಿಗದ ಇದ್ದಿಲು ಇಲ್ಲಿ ಎರಡು ಚೀಲ ಇತ್ತು, ಅವನು ಬಾರದೆ ಹೋದ ಒಂದೊಂದು ದಿನದ್ದೂ.

“ತಕೊ,” ಎಂದರು ಗುರುಬಸಮ್ಮ. “ಸಾಂಬ್ರಾಣಿಗೆ ಒಂದು ಬೊಗಸೆ ಇದ್ರೆ ಸಾಕು ನಂಗೆ.”

ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು. ಕೈಯೆಲ್ಲ ಕಪ್ಪಾಯಿತು. ಪದರ ಹಾಕುವಾಗ ಫೋನು ಎರಡು ಸಲ ಗುಂಯ್‌ಗುಟ್ಟಿದ್ದೂ ಅವನಿಗೆ ಕೇಳಿಸಲಿಲ್ಲ. ಹಂಡೆಯ ನೀರನ್ನೇ ಒಂದು ಬಿಂದಿಗೆ ತಂದು ಗುಂಡಿಗೆ ಹೊಯ್ದ. ಗೋಡೆ ಕೊರೆದ, ಹಸಿರು ವೈರು ಎಳೆದ, ಪೈಪಿಗೆ ನಟ್ಟು ಬಿಗಿದ, ಗೀಸರಿಗೆ ಸೇರಿಸಿದ. ಸ್ವಿಚ್ಚಿನ ಮೇಲಿನ ಪ್ಲಾಸ್ಟರ್ ಕಿತ್ತು ಸ್ವಿಚ್ ಹಾಕಿ ನಲ್ಲಿಗೆ ಟೆಸ್ಟರ್ ಇಟ್ಟ. ಹೊತ್ತಲಿಲ್ಲ. ಈ ಟೆಸ್ಟರೂ ಸತ್ತಿದೆಯೋ ಎಂದು ಬೋರ್ಡಿಗೆ ಇಟ್ಟು ನೋಡಿದ, ಕೆಂಪಗೆ ಹೊತ್ತಿತು. ಮತ್ತೆ ನಲ್ಲಿಗೆ ಇಟ್ಟ, ಹೊತ್ತಲಿಲ್ಲ. ಆಮೇಲೆ ತನ್ನ ಬರಿಗೈಯನ್ನೇ ನಲ್ಲಿಗೆ ಇಟ್ಟ, ನೀರು ಬೆಚ್ಚಗಾಗುವವರೆಗೂ ತೆಗೆಯಲಿಲ್ಲ.

ಟೆಸ್ಟರನ್ನು ಒರೆಸಿ ಜೇಬಿಗಿಟ್ಟು ಹೊರಟ. ಗುರುಬಸಮ್ಮ ಬಾಗಿಲವರೆಗೆ ಬಂದು ಅವನ ಜೇಬು ನೋಡಿದರು.

“ತಕೊಂಡ್ಯಾ? ಹಂಗಾದ್ರೆ ಆಯ್ತು,” ಎಂದರು.

ಸೇತುವೆಯವರೆಗೆ ಅವನು ಚೆನ್ನಾಗಿಯೇ ಹೋದ. ಹೊಳೆಯ ಗಾಳಿ ಮುಖಕ್ಕೆ ಬೀಸಿತು, ಬಹಳ ದಿನದ ಮೇಲೆ ಗಾಳಿ ಗಾಳಿಯಂತೆ ತಾಕಿತು. ಸೇತುವೆಯ ನಡುವೆ ಬಂದಾಗ ತಲೆಯೊಳಗೆ ಹಳೆಯ ಹುಳು ಕದಲಿತು. ಪೈಪಿನ ನಟ್ಟು ಬಿಗಿದನೋ? ಬಿಗಿದ. ಎರಡನೇ ಸುತ್ತು ಬಿಗಿದನೋ? ಇದ್ದಿಲು ಮೆತ್ತಿದ ಕೈ ಜಾರಿದಂತಿತ್ತಲ್ಲ? ಟೆಸ್ಟರ್ ಹೊತ್ತಲಿಲ್ಲ, ಸರಿ, ನಾಳೆ ಸಡಿಲವಾದರೆ? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಹುಟ್ಟಿನದಲ್ಲ, ವರ್ಷಗಟ್ಟಲೆ ತಾನೇ ಸಾಕಿಕೊಂಡದ್ದು, ಒಂದು ಮಧ್ಯಾಹ್ನಕ್ಕೆ ಬಿಟ್ಟು ಹೋದೀತೇ? ಬೈಕು ತಿರುಗಿಸಿದ.

ಬೀದಿಗೆ ಬಂದು ಬೈಕು ನಿಲ್ಲಿಸಿದಾಗ ಬಚ್ಚಲಿನ ಗವಾಕ್ಷಿಯಿಂದ ಬಿಳಿಯ ಹಬೆ ಬರುತ್ತಿತ್ತು. ಒಳಗೆ ನೀರು ಬೀಳುವ ಸದ್ದು, ಚೊಂಬಿನ ಸದ್ದು. ವಾಣಿ ಯಾವುದೋ ಹಾಡು ಗುನುಗುತ್ತಿದ್ದಳು. ಜಗಲಿಯ ಮೇಲೆ ಗುರುಬಸಮ್ಮ ಕಂಬಕ್ಕೆ ತಲೆಯಾನಿಸಿ, ಎರಡೂ ಕಾಲು ನೀಡಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು. ಮಗು ಅವರ ಮಡಿಲಲ್ಲಿ ಮಲಗಿತ್ತು. ಸುಟ್ಟ ಕೈ ಮಗುವಿನ ಮೇಲಿತ್ತು.

ಹಿತ್ತಲಿಗೆ ಹೋಗಬೇಕೆಂದರೆ ಅವರನ್ನು ದಾಟಿ ಹೋಗಬೇಕು, ಎಬ್ಬಿಸಬೇಕು. ಸಿದ್ಧಾರ್ಥ ಅಂಗಳದಲ್ಲಿ ನಿಂತ. ಕೈ ತಾನಾಗಿ ಜೇಬಿಗೆ ಹೋಯಿತು. ಹಳದಿ ಹಿಡಿಯ ಟೆಸ್ಟರ್ ಅಲ್ಲಿತ್ತು. ಸಾಮಾನು ಬಿಟ್ಟು ಹೋದರೆ ಕೆಲಸ ಬಾಕಿ, ತೆಗೆದುಕೊಂಡು ಹೋದರೆ ಕೆಲಸ ಮುಗಿದಿದೆ. ಅದನ್ನು ನಂಬಿ ಅವರು ಕಣ್ಣು ಮುಚ್ಚಿದ್ದರು. ಅವರು ನಂಬಿದ್ದನ್ನು ತಾನೂ ನಂಬದಿದ್ದರೆ ಹೇಗೆ ಅನ್ನಿಸಿತು. ಸ್ವಲ್ಪ ಹೊತ್ತು ನೀರಿನ ಸದ್ದು ಕೇಳುತ್ತ ನಿಂತಿದ್ದ. ಆಮೇಲೆ ಅವರಿಗೆ ಎಚ್ಚರವಾಗದಂತೆ ಬೈಕನ್ನು ಬೀದಿಯ ತಿರುವಿನವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡಿದ.